ಗೋಡೆಗೆ ಸುಣ್ಣ ಬಳಿಯೋಣ, ಹುಡುಗರಿಗೆ ಮಸಿ ಬೇಡ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ನಾಲ್ಕು ಜನ ಹಿರಿಯರು ಸೇರಿದ ಕಡೆ ಈಗ ಗೋಡೆಯ ಮಾತು ಬರುತ್ತದೆ. ರೈಲ್ವೆ ಕೆಳಸೇತುವೆ, ಕಾಲೇಜಿನ ಕಾಂಪೌಂಡು, ಪಾರ್ಕಿನ ಕಟ್ಟೆ, ಅಂಗಡಿಯ ಶಟರು, ಯಾವುದನ್ನೂ ಹುಡುಗರು ಬಿಟ್ಟಿಲ್ಲ ಎಂಬ ದೂರು. ಅದರ ಹಿಂದೆಯೇ ಇನ್ನೊಂದು ಮಾತು: 'ಇದು ಬರೀ ಗೀಚಾಟ ಅಲ್ಲ, ಊರಲ್ಲಿ ಗ್ಯಾಂಗು ಬೆಳೀತಿವೆ. ಈಗಲೇ ಕೇಸು ಹಾಕಿ ಒಳಗೆ ಹಾಕದಿದ್ದರೆ ಬೆಂಗಳೂರಿನ ಗತಿ ನಮಗೂ ಬರುತ್ತೆ.'

ಹೀಗೆನ್ನುವವರು ನಮ್ಮ ನಿಮ್ಮ ನೆರೆಯವರೇ. ಸಾಲ ಮಾಡಿ ಮನೆ ಕಟ್ಟಿಸಿದವರು, ಸಂಜೆ ಟ್ಯೂಷನ್ನಿಗೆ ಹೋದ ಮಗಳು ಮನೆ ಸೇರುವ ತನಕ ಬಾಗಿಲಲ್ಲಿ ನಿಲ್ಲುವವರು. ಅವರ ಭಯವನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಆದರೆ ಆ ಭಯದಿಂದ ಅವರು ಕೇಳುತ್ತಿರುವ ಮದ್ದು ತಪ್ಪು. ಗೋಡೆ ಕೆಡಿಸುವುದು ತಪ್ಪು, ಅದನ್ನು ಕೆಡಿಸಿದವನ ಕೈಯಲ್ಲೇ ಸರಿ ಮಾಡಿಸಬೇಕು. ಗೋಡೆ ಗೀಚಿದ ಹುಡುಗನಿಗೆ ರೌಡಿಯ ಹಣೆಪಟ್ಟಿ ಕಟ್ಟಿದರೆ ಮಾತ್ರ, ಇಲ್ಲದ ಗ್ಯಾಂಗನ್ನು ನಾವೇ ಕೈಯಾರೆ ಕಟ್ಟಿದಂತಾಗುತ್ತದೆ. ಅವರ ವಾದಗಳನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರಿಸುತ್ತೇನೆ.

ವಾದ 1: 'ಗೋಡೆ ಮೇಲಿನ ಹೆಸರೆಲ್ಲ ಗ್ಯಾಂಗಿನ ಗುರುತು'

ಹಾಗೆನ್ನುವ ಮೊದಲು ಗೋಡೆಯ ಹತ್ತಿರ ನಿಂತು ಅದನ್ನು ಓದಬೇಕು. ನಮ್ಮ ಊರುಗಳ ಇಂಥ ಗೋಡೆಗಳ ಮೇಲೆ ಇರುವುದೇನು? ಎರಡು ಇಂಗ್ಲಿಷ್ ಅಕ್ಷರ, ನಡುವೆ ಬಾಣ ಚುಚ್ಚಿದ ಹೃದಯ. ಪಕ್ಕದಲ್ಲಿ ಸಿನಿಮಾ ನಟನೊಬ್ಬನ ಬಿರುದು. ಇನ್ನೊಬ್ಬ ನಟನ ಅಭಿಮಾನಿ ಬಂದು ಅದರ ಮೇಲೆ ಅಡ್ಡಗೆರೆ ಎಳೆದು ತನ್ನ ನಟನ ಬಿರುದನ್ನು ಬರೆದಿರುತ್ತಾನೆ. ಪಿಯುಸಿ ಮುಗಿಸಿ ಹೋದವರ ಬ್ಯಾಚಿನ ಇಸವಿ, ಆರ್‌ಸಿಬಿ, ಓಣಿಯ ಹೆಸರಿನ ಮುಂದೆ 'ಬಾಯ್ಸ್', ಇದ್ದಿಲಲ್ಲಿ ಬರೆದ ಒಂದೆರಡು ಬೈಗುಳ. ಸ್ಪ್ರೇ ಡಬ್ಬಿ ಕೈಗೆ ಸಿಕ್ಕವನು ಬರೆದ ಅಕ್ಷರದ ಬುಡದಿಂದ ಬಣ್ಣ ಇಳಿದು ಗೆರೆಗೆರೆಯಾಗಿ ಒಣಗಿರುತ್ತದೆ. ಪಳಗದ ಕೈ ಎಂದು ಅದನ್ನು ನೋಡಿದರೇ ಗೊತ್ತಾಗುತ್ತದೆ.

ಅದೇ ಗೋಡೆಯ ಉಳಿದ ಭಾಗವನ್ನೂ ಓದಬೇಕಲ್ಲವೇ? ಮೂಲವ್ಯಾಧಿಗೆ ಚಿಕಿತ್ಸೆ, ಬೋರ್‌ವೆಲ್ ಕೊರೆಯುವವರ ಫೋನ್ ನಂಬರು, ಸ್ಪೋಕನ್ ಇಂಗ್ಲಿಷ್ ತರಗತಿ, ಹಿಂದಿನ ಚುನಾವಣೆಯ ಮಾಸಿದ ಚಿಹ್ನೆ, ಒಂದರ ಮೇಲೊಂದು ಅಂಟಿಸಿದ ಶ್ರದ್ಧಾಂಜಲಿ ಪೋಸ್ಟರು. ಇವನ್ನೆಲ್ಲ ಮಾಡಿದವರು ದೊಡ್ಡವರು. ಸಾರ್ವಜನಿಕ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾನೂನು ಇದೆ. ಅದರ ಮುಖ್ಯ ಗುರಿಯೇ ಅನುಮತಿಯಿಲ್ಲದ ಜಾಹೀರಾತು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿತು. ಆದರೂ ನಾಯಕರ ಹುಟ್ಟುಹಬ್ಬ ಬಂದರೆ ಸರ್ಕಲ್ಲುಗಳು ಕಾಣದಂತೆ ಫ್ಲೆಕ್ಸ್ ಏಳುತ್ತವೆ. ಅದನ್ನು ಕಟ್ಟಿದವರನ್ನು ಗ್ಯಾಂಗ್ ಎಂದು ಯಾರೂ ಕರೆಯುವುದಿಲ್ಲ. ಹದಿನಾರರ ಹುಡುಗ ತನ್ನ ಹೆಸರು ಬರೆದಾಗ ಮಾತ್ರ ಆ ಪದ ನಮ್ಮ ಬಾಯಿಗೆ ಬರುತ್ತದೆ. ಈ ತಾರತಮ್ಯ ಹುಡುಗರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಗ್ಯಾಂಗ್ ಎಂದರೆ ಏನೆಂದು ಕಾನೂನು ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಸಣ್ಣ ಪ್ರಮಾಣದ ಸಂಘಟಿತ ಅಪರಾಧದ ಬಗ್ಗೆ ಮಾತಾಡುತ್ತದೆ. ಗುಂಪು ಕಟ್ಟಿಕೊಂಡು ಮಾಡುವ ಕಳ್ಳತನ, ಸರ ಕೀಳುವುದು, ಮೋಸ, ಜೂಜು, ಪ್ರಶ್ನೆಪತ್ರಿಕೆ ಮಾರಾಟ ಅದರ ಪಟ್ಟಿಯಲ್ಲಿವೆ. ಇಂಥದ್ದನ್ನು ಮಾಡುವ ಗುಂಪು ಯಾವ ಓಣಿಯಲ್ಲಿದ್ದರೂ ಪೊಲೀಸರು ಹಿಡಿಯಲಿ, ಅದರಲ್ಲಿ ಎರಡು ಮಾತಿಲ್ಲ. ಗಣಪತಿ ಕೂರಿಸಲು, ಟೆನಿಸ್ ಬಾಲಿನ ಟೂರ್ನಮೆಂಟ್ ಆಡಲು ಸೇರಿದ ಹುಡುಗರ ಗುಂಪಿಗೂ 'ಬಾಯ್ಸ್' ಎಂಬ ಹೆಸರಿರುತ್ತದೆ. ಹೆಸರು ಇದ್ದ ಮಾತ್ರಕ್ಕೆ ಅಪರಾಧ ಇದೆ ಎಂದಾಗುವುದಿಲ್ಲ.

ವಾದ 2: 'ಇವತ್ತು ಬಣ್ಣ ಹಿಡಿದೋನು ನಾಳೆ ಮಚ್ಚು ಹಿಡೀತಾನೆ'

ಓದಿಕೊಂಡವರು ಈ ವಾದಕ್ಕೆ ಅಮೆರಿಕದ ಆಧಾರ ಕೊಡುತ್ತಾರೆ. 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲಿಂಗ್ ಬರೆದ 'ಒಡೆದ ಕಿಟಕಿ' ಲೇಖನ ಅದು. ಒಂದು ಕಿಟಕಿಯ ಗಾಜು ಒಡೆದು ಹಾಗೇ ಬಿಟ್ಟರೆ ಉಳಿದ ಗಾಜುಗಳೂ ಒಡೆಯುತ್ತವೆ, ಸಣ್ಣ ಅಶಿಸ್ತನ್ನು ಕಂಡೂ ಸುಮ್ಮನಿದ್ದರೆ ದೊಡ್ಡ ಅಪರಾಧಕ್ಕೆ ದಾರಿಯಾಗುತ್ತದೆ ಎಂಬುದು ಅದರ ಸಾರ.

ಇದರಲ್ಲಿ ಒಂದು ಪಾಲು ನಿಜವಿದೆ. 2008ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಅಂಚೆಪೆಟ್ಟಿಗೆಯ ಬಾಯಲ್ಲಿ 5 ಯೂರೊ ನೋಟು ಕಾಣುವಂತೆ ಒಂದು ಲಕೋಟೆ ಸಿಕ್ಕಿಸಿಟ್ಟರು. ಪೆಟ್ಟಿಗೆ ಚೊಕ್ಕವಾಗಿದ್ದಾಗ ದಾರಿಹೋಕರಲ್ಲಿ ಶೇ 13 ಮಂದಿ ಅದನ್ನು ಎತ್ತಿಕೊಂಡರು, ಪೆಟ್ಟಿಗೆಯ ಮೇಲೆ ಗೀಚಿದ್ದಾಗ ಶೇ 27 ಮಂದಿ. ಅಂದರೆ ಹಾಳುಬಿದ್ದ ಜಾಗ ಜನರ ನಡತೆಯನ್ನು ಸಡಿಲ ಮಾಡುತ್ತದೆ. ಆದರೆ ಗಮನಿಸಿ, ಲಕೋಟೆ ಎತ್ತಿಕೊಂಡವರು ಗೀಚಿದವರಲ್ಲ, ಆ ದಾರಿಯಲ್ಲಿ ಹೋಗುತ್ತಿದ್ದ ಸಾಮಾನ್ಯ ಜನ. ಈ ಪರೀಕ್ಷೆಯಿಂದ ಕಲಿಯುವುದಿದ್ದರೆ, ಗೋಡೆಯನ್ನು ಬೇಗ ಸ್ವಚ್ಛ ಮಾಡಬೇಕು ಎಂಬುದನ್ನು. ಹುಡುಗನನ್ನು ಠಾಣೆಯಲ್ಲಿ ಕೂರಿಸಿ ಎಂದು ಅದು ಹೇಳುವುದಿಲ್ಲ.

ನ್ಯೂಯಾರ್ಕಿನ ಕಥೆಯನ್ನೂ ಪೂರ್ತಿ ಕೇಳಬೇಕು. ಅಲ್ಲಿನ ಸುರಂಗ ರೈಲುಗಳ ಮೇಲಿನ ಗೀಚಾಟವನ್ನು ಅಳಿಸಲು 1984ರಿಂದ ಹಟ ಹಿಡಿದು ಕೆಲಸ ನಡೆಯಿತು. ಬೋಗಿಯ ಮೇಲೆ ಬರಹ ಕಂಡರೆ ಅದನ್ನು ತೊಳೆಯುವವರೆಗೆ ಹಳಿಗೆ ಬಿಡುತ್ತಿರಲಿಲ್ಲ. 1989ರ ಮೇ ತಿಂಗಳಲ್ಲಿ ಬರಹವಿದ್ದ ಕೊನೆಯ ರೈಲೂ ಸೇವೆಯಿಂದ ಹೊರಬಂತು. ಮರುವರ್ಷ, 1990ರಲ್ಲಿ, ಆ ನಗರದಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾದವು. ಅದು ಆ ನಗರ ಕಂಡ ಅತ್ಯಂತ ರಕ್ತಸಿಕ್ತ ವರ್ಷ. ರೈಲು ಚೊಕ್ಕವಾಯಿತು, ಚಾಕು ಪಿಸ್ತೂಲು ಎಲ್ಲಿದ್ದವೋ ಅಲ್ಲೇ ಉಳಿದವು. ಬರಹ ಅಳಿದದ್ದು ಬಂಧನಕ್ಕಿಂತ ಹೆಚ್ಚಾಗಿ ತೊಳೆದದ್ದರಿಂದ. 1999ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸ್ಟೀಫನ್ ರಾಡೆನ್‌ಬುಷ್ ಷಿಕಾಗೊದ ಓಣಿಗಳನ್ನು ಅಭ್ಯಾಸ ಮಾಡಿ ಇನ್ನೂ ಆಳದ ಮಾತು ಹೇಳಿದರು: ಗೀಚಿದ ಗೋಡೆಗೂ ಅಪರಾಧಕ್ಕೂ ಬೇರು ಒಂದೇ. ಅದು ಬಡತನ, ಮತ್ತು ನೆರೆಹೊರೆಯವರು ಒಬ್ಬರನ್ನೊಬ್ಬರು ನಂಬಿ ಓಣಿಯ ಮಕ್ಕಳ ಮೇಲೆ ಕಣ್ಣಿಡುವುದನ್ನು ಬಿಟ್ಟದ್ದು.

ಮಚ್ಚಿನ ಮಾತಿಗೆ ಬರೋಣ. 2025ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿ ಬಂಧನಕ್ಕೊಳಗಾದವರು ರಿಯಾಲಿಟಿ ಶೋದಿಂದ ಹೆಸರು ಮಾಡಿದ ಇಬ್ಬರು ವಯಸ್ಕರು. ಮಚ್ಚನ್ನು ಶೋಕಿಯ ವಸ್ತುವನ್ನಾಗಿ ಮಾಡಿ ಹುಡುಗರ ಕಣ್ಣಿಗೆ ಹಿಡಿಯುತ್ತಿರುವವರು ದೊಡ್ಡವರೇ. ದೇಶದ ಲೆಕ್ಕವೂ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಭಾರತೀಯ ದಂಡ ಸಂಹಿತೆಯಡಿ ದಾಖಲಾದ ಪ್ರಕರಣಗಳು 35 ಲಕ್ಷಕ್ಕೂ ಹೆಚ್ಚು. ಅದೇ ವರ್ಷ ಹದಿನೆಂಟರೊಳಗಿನವರ ಮೇಲಿನ ಪ್ರಕರಣಗಳು ಎಲ್ಲ ಕಾಯ್ದೆಗಳೂ ಸೇರಿ ಸುಮಾರು 30,500. ಹಿಂದಿನ ವರ್ಷಕ್ಕಿಂತ ಅದು ಸ್ವಲ್ಪ ಕಡಿಮೆಯೇ. ಹುಡುಗರು ಊರನ್ನು ಮುಳುಗಿಸುತ್ತಿದ್ದಾರೆ ಎಂಬ ಮಾತಿಗೆ ಈ ಲೆಕ್ಕದಲ್ಲಿ ಆಧಾರವಿಲ್ಲ.

ವಾದ 3: 'ಮಂಗಳೂರನ್ನು ಮರೆತಿರಾ? ಹರಿಹರದ ಕಲ್ಲು ತೂರಾಟ ಮರೆತಿರಾ?'

ಮರೆತಿಲ್ಲ. ಎದುರಾಳಿಗಳ ವಾದಗಳಲ್ಲಿ ತೂಕದ ವಾದ ಇದೇ. 2020ರ ನವೆಂಬರ್ 27ರಂದು ಮಂಗಳೂರಿನ ಕದ್ರಿ ಠಾಣೆ ವ್ಯಾಪ್ತಿಯ ಅಪಾರ್ಟ್‌ಮೆಂಟೊಂದರ ಗೋಡೆಯಲ್ಲಿ ಲಷ್ಕರ್-ಎ-ತಯಬಾವನ್ನು ಬೆಂಬಲಿಸುವ ಬೆದರಿಕೆಯ ಬರಹ ಕಂಡಿತು. ಎರಡು ದಿನ ಬಿಟ್ಟು ನ್ಯಾಯಾಲಯದ ಆವರಣದ ಬಳಿ ಇನ್ನೊಂದು. ಪೊಲೀಸರು ಬಂಧಿಸಿದ್ದು ತೀರ್ಥಹಳ್ಳಿ ಮೂಲದ ಇಬ್ಬರು ಯುವಕರನ್ನು. ಜಾಮೀನಿನ ಮೇಲೆ ಹೊರಬಂದಿದ್ದ ಅವರಲ್ಲೊಬ್ಬ 2022ರ ನವೆಂಬರ್ 19ರಂದು ಮಂಗಳೂರಿನ ಆಟೊರಿಕ್ಷಾದಲ್ಲಿ ಕುಕ್ಕರ್ ಬಾಂಬ್ ಸಿಡಿದಾಗ ಗಾಯಗೊಂಡು ಸಿಕ್ಕಿಬಿದ್ದ. ಸಣ್ಣ ಊರಿನ ಹುಡುಗ, ಗೋಡೆ ಬರಹ, ಕೊನೆಗೆ ಬಾಂಬು. ಈ ಸರಣಿ ಯಾರನ್ನಾದರೂ ನಡುಗಿಸುತ್ತದೆ.

ಅಲ್ಲಿ ಪೊಲೀಸರು ಮಾಡಿದ್ದೇನು? ಬರಹವನ್ನು ಓದಿದರು. ಅದರಲ್ಲಿ ಭಯೋತ್ಪಾದಕ ಸಂಘಟನೆಯ ಹೆಸರಿತ್ತು, ನೇರ ಬೆದರಿಕೆ ಇತ್ತು. ಆದ್ದರಿಂದ ಗಂಭೀರ ತನಿಖೆ ಮಾಡಿದರು. ನಾನು ಕೇಳುವುದೂ ಅದನ್ನೇ, ಓದಿ ತೀರ್ಮಾನಿಸಿ ಎಂದು. ಹಿಂಸೆಗೆ ಕರೆ, ಒಂದು ಸಮುದಾಯದ ಮೇಲೆ ದ್ವೇಷ, ಹೆಣ್ಣುಮಗಳ ಹೆಸರು ಫೋನ್ ನಂಬರು ಬರೆದು ಮಾನ ಕಳೆಯುವುದು, ಇಂಥದ್ದು ಕಂಡ ಕೂಡಲೇ ಪೊಲೀಸರಿಗೆ ತಿಳಿಸಬೇಕು. ಆದರೆ ಪ್ರೀತಿಯ ಗುರುತು, ನಟನ ಬಿರುದು, ಬ್ಯಾಚಿನ ಇಸವಿ ಎಲ್ಲಕ್ಕೂ ಅದೇ ಬಗೆಯ ಕೇಸು ಹಾಕುತ್ತ ಕೂತರೆ ಠಾಣೆಯ ಸಿಬ್ಬಂದಿಯ ಹೊತ್ತೆಲ್ಲ ಅದರಲ್ಲೇ ಹೋಗುತ್ತದೆ. ನಿಜಕ್ಕೂ ಅಪಾಯದ ಒಂದು ಸಾಲು ಆ ನೂರು ಕಡತಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಮಂಗಳೂರಿನ ಪಾಠ ನಮ್ಮನ್ನು ಹೆಚ್ಚು ವಿವೇಚನೆಯ ಕಡೆಗೆ ಒಯ್ಯಬೇಕು.

ಹರಿಹರದ ಮಾತು. 2022ರ ಫೆಬ್ರವರಿ 8ರಂದು ಅಲ್ಲಿ ಕಾಲೇಜಿನ ಬಳಿ ಕಲ್ಲು ತೂರಾಟವಾಯಿತು, ಹರಿಹರ ಮತ್ತು ದಾವಣಗೆರೆಗಳಲ್ಲಿ ನಿಷೇಧಾಜ್ಞೆ ಬಂತು. ಅದರ ಹಿಂದೆ ಇದ್ದದ್ದು ರಾಜ್ಯಕ್ಕೆಲ್ಲ ಹಬ್ಬಿದ್ದ ಹಿಜಾಬ್ ವಿವಾದ. 2024ರ ಸೆಪ್ಟೆಂಬರಿನಲ್ಲಿ ದಾವಣಗೆರೆಯಲ್ಲಿ ಕಲ್ಲು ತೂರಾಟವಾದದ್ದು ಗಣೇಶ ಮೆರವಣಿಗೆಯ ಹೊತ್ತಿನಲ್ಲಿ. ಎರಡರಲ್ಲೂ ಗೋಡೆಯ ಮೇಲೆ ಹೆಸರು ಗೀಚುವವರ ಕಥೆ ಇಲ್ಲ. ಹುಡುಗರ ಕೈಗೆ ಕಲ್ಲು ಬರುವುದು ದೊಡ್ಡವರು ಧರ್ಮದ ಹೆಸರಿನಲ್ಲಿ ಅವರ ತಲೆಯಲ್ಲಿ ಬೆಂಕಿ ಹಾಕಿದಾಗ. ಆ ಬೆಂಕಿ ಹಾಕುವವರ ಹೆಸರು ಗೋಡೆಯ ಮೇಲೆ ಸಿಗುವುದಿಲ್ಲ. ಗೋಡೆಯತ್ತ ಬೆರಳು ತೋರಿಸುವುದರಿಂದ ಅವರು ತಪ್ಪಿಸಿಕೊಳ್ಳುತ್ತಾರೆ, ಅಷ್ಟೆ.

ವಾದ 4: 'ಎಫ್‌ಐಆರ್ ಹಾಕಿ, ಫೋಟೊ ಹಾಕಿ, ಆಗ ಬುದ್ಧಿ ಬರುತ್ತೆ'

ಹದಿನೆಂಟು ತುಂಬದ ಹುಡುಗನ ವಿಷಯದಲ್ಲಿ ಇವೆರಡೂ ಕಾನೂನಿಗೆ ವಿರುದ್ಧ. 2015ರ ಬಾಲನ್ಯಾಯ ಕಾಯ್ದೆಯಡಿ ರೂಪಿಸಿದ 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧವಾಗಿದ್ದರೆ ಅಥವಾ ವಯಸ್ಕರ ಜತೆ ಸೇರಿ ಮಾಡಿದ್ದರೆ ಮಾತ್ರ ಮಗುವಿನ ಮೇಲೆ ಎಫ್‌ಐಆರ್. ಕನಿಷ್ಠ 7 ವರ್ಷ ಶಿಕ್ಷೆ ಇರುವಂಥದ್ದು ಘೋರ ಅಪರಾಧ. ಗೋಡೆ ಗೀಚುವುದು ಅದರ ಹತ್ತಿರಕ್ಕೂ ಬರುವುದಿಲ್ಲ. ಉಳಿದ ಪ್ರಕರಣಗಳಲ್ಲಿ ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಮನೆ, ಶಾಲೆ, ಸುತ್ತಲಿನ ಪರಿಸ್ಥಿತಿಯ ವರದಿ ತಯಾರಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಹೆಸರು, ಫೋಟೊ, ಶಾಲೆಯ ಗುರುತು ಹೊರಗೆ ಬಿಡುವುದು ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಅದಕ್ಕೆ 6 ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸಿಕ್ಕಿಬಿದ್ದ ಹುಡುಗರನ್ನು ಗೋಡೆಯ ಮುಂದೆ ಸಾಲಾಗಿ ನಿಲ್ಲಿಸಿ ವಿಡಿಯೊ ಮಾಡಿ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಹಿರಿಯರು ಇದನ್ನು ತಿಳಿದಿರಬೇಕು. ಹುಡುಗ ಮಾಡಿದ್ದಕ್ಕಿಂತ ದೊಡ್ಡ ತಪ್ಪು ಅವರದಾಗುತ್ತದೆ.

ಹದಿನೆಂಟು ದಾಟಿದವನ ಹೆಸರನ್ನೂ ಹಾಗೆಲ್ಲ ರೌಡಿ ಪಟ್ಟಿಗೆ ಸೇರಿಸಲಾಗದು. ಸೇರಿಸುವ ಮುನ್ನ ನೋಟಿಸ್ ಕೊಟ್ಟು ಅವನ ಮಾತು ಕೇಳಬೇಕೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಯಾಕೆ ಇಷ್ಟು ಎಚ್ಚರ? ಆ ಪಟ್ಟಿಗೆ ಒಮ್ಮೆ ಹೆಸರು ಬಿದ್ದರೆ ಹಬ್ಬ, ಮೆರವಣಿಗೆ, ಚುನಾವಣೆ ಬಂದಾಗಲೆಲ್ಲ ಠಾಣೆಯಿಂದ ಕರೆ ಬರುತ್ತದೆ. ಪೊಲೀಸರು ಹುಡುಕಿಕೊಂಡು ಬರುವವನಿಗೆ ಕೆಲಸ ಕೊಡಲು ಗ್ಯಾರೇಜಿನವನೂ ಹಿಂದೆಮುಂದೆ ನೋಡುತ್ತಾನೆ, ಬಾಡಿಗೆ ಮನೆ ಸಿಗುವುದಿಲ್ಲ, ಹೆಣ್ಣು ಕೊಡುವವರಿಲ್ಲ. ಠಾಣೆಯ ಬೆಂಚಿನ ಮೇಲೆ ಅವನ ಪಕ್ಕ ಕೂರುವವನು ನಿಜವಾದ ರೌಡಿ. ಊರೆಲ್ಲ ದೂರ ಇಟ್ಟವನನ್ನು 'ಬಾರೋ ತಮ್ಮಾ' ಎಂದು ಹತ್ತಿರ ಕರೆಯುವವನೂ ಅವನೇ. ಗ್ಯಾಂಗಿಗೆ ಹುಡುಗರು ಸಿಗುವುದು ಹೀಗೆ.

ಸಿಂಗಪುರದ ಉದಾಹರಣೆ ಕೊಡುವವರೂ ಇದ್ದಾರೆ. 1994ರಲ್ಲಿ ಕಾರುಗಳಿಗೆ ಬಣ್ಣ ಎರಚಿದ ಆರೋಪದ ಮೇಲೆ ಮೈಕೆಲ್ ಫೇ ಎಂಬ ಅಮೆರಿಕದ ಹದಿಹರೆಯದವನಿಗೆ ಅಲ್ಲಿ ಬೆತ್ತದೇಟು ಕೊಟ್ಟರು. ನಮ್ಮ ಸಂವಿಧಾನದಡಿ ಯಾವ ನ್ಯಾಯಾಲಯವೂ ಅಂಥ ಶಿಕ್ಷೆ ಕೊಡುವುದಿಲ್ಲ, ಕೊಡಲೂಬಾರದು. ಮಗನಿಗೆ ಠಾಣೆಯಲ್ಲಿ ನಾಲ್ಕು ಬಿಗಿಯಲಿ ಎಂದು ಬಯಸುವ ತಂದೆ ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಬೇರೆಯವರ ಮಗನಿಗೆ ಮಾತ್ರ ಅದನ್ನು ಬಯಸುವುದು ನ್ಯಾಯವಲ್ಲ.

ವಾದ 5: 'ಇದೆಲ್ಲ ಆ ಕಡೆ ಏರಿಯಾದವರ ಕೆಲಸ'

ದಾವಣಗೆರೆಯಲ್ಲಿ 'ಆ ಕಡೆ' ಎಂದರೆ ಯಾವ ಕಡೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ರೈಲು ಹಳಿ ಊರನ್ನು ಎರಡು ಮಾಡಿದೆ, ಮನಸ್ಸನ್ನೂ ಮಾಡಿದೆ. ಹರಿಹರದಲ್ಲೂ ಇಂಥ ಗೆರೆಗಳಿವೆ. ಕೆಲವು ಬಡಾವಣೆ, ಕೆಲವು ಜಾತಿ, ಒಂದು ಧರ್ಮ ಎಂದು ಮೊದಲೇ ತೀರ್ಮಾನಿಸಿಕೊಂಡು ಆಮೇಲೆ ಪುರಾವೆ ಹುಡುಕುವುದು ಈ ವಾದದ ರೀತಿ. ಗೋಡೆಗಳನ್ನೇ ಕೇಳಿ: ವಿದ್ಯಾನಗರದ ಕಾಲೇಜು ಹುಡುಗನೂ ಬರೆಯುತ್ತಾನೆ, ಹಳೇಪೇಟೆಯ ಗ್ಯಾರೇಜು ಹುಡುಗನೂ ಬರೆಯುತ್ತಾನೆ. ಮೊದಲನೆಯವನು ಸಿಕ್ಕಿಬಿದ್ದರೆ 'ಹುಡುಗಾಟ', ಎರಡನೆಯವನು ಸಿಕ್ಕಿಬಿದ್ದರೆ 'ಗ್ಯಾಂಗ್'.

'ಆ ಕಡೆ'ಯ ಹುಡುಗರ ಕೈ ಖಾಲಿ ಆದದ್ದು ಹೇಗೆ ಎಂಬುದು ಈ ಊರುಗಳ ಚರಿತ್ರೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿಗಳ ಸೈರನ್ನಿಗೆ ಊರು ಏಳುತ್ತಿತ್ತು. ಗಿರಣಿ ಕಾರ್ಮಿಕರ ಬಲದಿಂದಲೇ ಕಮ್ಯುನಿಸ್ಟ್ ನಾಯಕ ಪಂಪಾಪತಿ 1978, 1983, 1985ರಲ್ಲಿ ಇಲ್ಲಿಂದ ವಿಧಾನಸಭೆಗೆ ಹೋದರು. ಮಿಲ್ಲಿಗೆ ಸೇರಿದ ಹುಡುಗನಿಗೆ ಸಂಬಳದ ಜತೆಗೆ ಯೂನಿಯನ್ನು, ಮೇಸ್ತ್ರಿ, ಹಿರಿಯ ಜೊತೆಗಾರರು ಸಿಗುತ್ತಿದ್ದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಂದು ಗಿರಣಿಯ ಹೆಸರಾಗಿದ್ದ ಡಿಸಿಎಂ ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಲ್ಲೇ ಹೆಸರು ಮಾಡಿತ್ತು. 2000ದ ಆಸುಪಾಸಿನಲ್ಲಿ ಅದೂ ಮುಚ್ಚಿತು. ಅಪ್ಪ ಅಲ್ಲಿ ಟರ್ನರ್ ಆಗಿದ್ದ, ಮಗ ದಿನಗೂಲಿಗೆ ಇಳಿದ, ಮೊಮ್ಮಗ ಈಗ ಗೋಡೆಯ ಮುಂದೆ ನಿಂತಿದ್ದಾನೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಎಪಿಎಂಸಿಯ ಹಮಾಲಿಯಲ್ಲಿ, ಗ್ಯಾರೇಜಿನ ಗ್ರೀಸಿನಲ್ಲಿ ಶಾಲೆ ಬಿಟ್ಟ ಹುಡುಗರ ದಿನ ಕಳೆಯುತ್ತದೆ. ಅಲ್ಲಿ ಅವರಿಗೆ 'ಏಯ್ ಹುಡುಗಾ' ಎನ್ನುವುದು ಬಿಟ್ಟರೆ ಹೆಸರಿಲ್ಲ. ಹೆಸರಿಲ್ಲದವನು ತನ್ನ ಹೆಸರನ್ನು ದೊಡ್ಡದಾಗಿ ಬರೆಯುತ್ತಾನೆ. ಅದು ತಪ್ಪೇ ಇರಬಹುದು, ಅದರ ಹಿಂದಿನ ಹಸಿವು ಮಾತ್ರ ಸುಳ್ಳಲ್ಲ.

ಇನ್ನು ಹುಡುಗರು ಆಡುವ ಜಾಗದ ಮಾತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ದೇಶದಲ್ಲಿ ಮೊದಲು ಆಯ್ಕೆಯಾದ 20 ನಗರಗಳಲ್ಲಿ ರಾಜ್ಯದಿಂದ ಬೆಳಗಾವಿ ಮತ್ತು ದಾವಣಗೆರೆ ಇದ್ದವು. ದಾವಣಗೆರೆಯ ಬಸ್ ನಿಲ್ದಾಣ ಹೊಸದಾಗಿ ಕಟ್ಟುವಾಗ ತಾತ್ಕಾಲಿಕ ನಿಲ್ದಾಣ ಬಂದದ್ದು ಹೈಸ್ಕೂಲ್ ಮೈದಾನಕ್ಕೆ. ಬಸ್ಸಿಗೆ ಜಾಗ ಬೇಕಿತ್ತು, ಒಪ್ಪೋಣ. ಆದರೆ ಊರಿನ ನಡುವಿನ ಮೈದಾನಕ್ಕೆ ಪ್ರದರ್ಶನ, ಸಮಾವೇಶ, ನಿಲ್ದಾಣ ಏನು ಬಂದರೂ ಜಾಗ ಬಿಟ್ಟುಕೊಡುವವರು ಅಲ್ಲಿ ಆಡುವ ಹುಡುಗರೇ. ಕುಸ್ತಿಗೆ, ಗರಡಿಮನೆಗಳಿಗೆ ಹೆಸರಾದ ಊರಿದು. ಸಂಜೆ ಮಟ್ಟಿಯ ಮಣ್ಣಿಗೆ ಇಳಿದು ಉಸ್ತಾದನ ಮುಂದೆ ಬೆವರು ಹರಿಸಿದ ಹುಡುಗನಿಗೆ ರಾತ್ರಿ ಗೋಡೆ ಹುಡುಕಿಕೊಂಡು ತಿರುಗುವ ಕಸುವು ಉಳಿಯುವುದಿಲ್ಲ.

ವಾದ 6: 'ಗೋಡೆ, ಬಣ್ಣ ಕೊಡೋದು ಅಂದ್ರೆ ಕಿಡಿಗೇಡಿತನಕ್ಕೆ ಬಹುಮಾನ ಕೊಟ್ಟ ಹಾಗೆ'

ಸಾರ್ವಜನಿಕ ಗೋಡೆಗಳಲ್ಲಿ ಕೆಲವನ್ನು ಹುಡುಗರಿಗೆ ಬಿಟ್ಟುಕೊಟ್ಟು, ಕಲಿತವರ ಕೈಕೆಳಗೆ ಚಿತ್ರ ಬರೆಸೋಣ ಎಂದರೆ ಈ ಉತ್ತರ ಬರುತ್ತದೆ. ಅಮೆರಿಕದ ಫಿಲಡೆಲ್ಫಿಯ ನಗರ 1984ರಲ್ಲಿ ಈ ದಾರಿ ಹಿಡಿಯಿತು. ಗೀಚುವವರನ್ನು ಕರೆತಂದು ಗೋಡೆ ಸ್ವಚ್ಛ ಮಾಡಿಸಿದರು, ಜೇನ್ ಗೋಲ್ಡನ್ ಎಂಬ ಕಲಾವಿದೆಯ ಜತೆ ನಿಲ್ಲಿಸಿ ದೊಡ್ಡ ಚಿತ್ರ ಬರೆಯಲು ಕಲಿಸಿದರು. ಮೊದಲು ಸ್ವಚ್ಛ ಮಾಡುವುದು, ಆಮೇಲೆ ಕುಂಚ, ಈ ಕ್ರಮವನ್ನು ಗಮನಿಸಬೇಕು. ಆ ಪ್ರಯತ್ನದಿಂದ ಆ ನಗರದಲ್ಲಿ ಸಾವಿರಾರು ಭಿತ್ತಿಚಿತ್ರಗಳಾದವು. ಇಂದು ಅವನ್ನು ನೋಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ.

ನಮಗೆ ಫಿಲಡೆಲ್ಫಿಯದಿಂದ ಯಾರೂ ಬರಬೇಕಿಲ್ಲ. 1964ರಿಂದ ದಾವಣಗೆರೆಯಲ್ಲಿ ಚಿತ್ರಕಲಾ ಶಾಲೆ ಇದೆ. ಇಂದು ಅದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಕೂರಿಸಿ ಇಡೀ ರಾಜ್ಯದ ಕಣ್ಣು ತೆರೆಸಿದ್ದು ನೆನಪಿದೆಯಲ್ಲ, ಬೀದಿಯ ಕಲೆ ಆಡಳಿತವನ್ನೂ ಎಚ್ಚರಿಸಬಲ್ಲದು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಬೋರ್ಡ್ ಪೇಂಟರುಗಳಿದ್ದಾರೆ. ಫ್ಲೆಕ್ಸ್ ಬಂದು ಅವರ ಕೆಲಸ ಕಸಿಯುವ ಮೊದಲು ಅಂಗಡಿಗಳ ಹೆಸರು, ಲಾರಿಯ ಹಣೆ, ಸಿನಿಮಾ ಗೋಡೆ ಎಲ್ಲವೂ ಅವರದೇ ಕೈಬರಹ. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಗೋಡೆಯ ಆಚೆ ಈಚೆ ಎಳೆದು ಹಿಡಿದು, ಮೀಟಿ ನೇರ ಗೆರೆ ಹಾಕುತ್ತಿದ್ದರು. ಆ ಗೆರೆಗಳ ನಡುವೆ ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕು, ಕೊಂಬು ಎಲ್ಲಿ ತಿರುಗಬೇಕು ಎಂಬ ಲೆಕ್ಕ ಅವರ ಮಣಿಕಟ್ಟಿನಲ್ಲಿತ್ತು. ಅಂಥವರು ಈಗಲೂ ಈ ಎರಡೂ ಊರುಗಳಲ್ಲಿ ಇದ್ದಾರೆ. ಅವರಿಗೆ ಗೌರವಧನ ಕೊಟ್ಟು, ಸಿಕ್ಕಿಬಿದ್ದ ಹುಡುಗನನ್ನು ಅವರ ಪಕ್ಕ ನಿಲ್ಲಿಸಿ. ಒಂದು 'ಕ್ಷ' ಚೆಂದಾಗಿ ಬರೆಯಲು ಎಷ್ಟು ತಾಳ್ಮೆ ಬೇಕೆಂದು ಗೊತ್ತಾದವನು ಕೈಗೆ ಬಂದಂತೆ ಗೀಚುವುದಿಲ್ಲ. ಮೈ ಬಗ್ಗಿಸಿ ದುಡಿದು ಒಂದು ವಿದ್ಯೆ ಕಲಿಯುವುದಕ್ಕೆ ಬಹುಮಾನ ಎಂದು ಹೆಸರಿಡಲಾಗದು.

ವಾದ 7: 'ಗೋಡೆ ಮಾಲೀಕನ ಕಷ್ಟ ಯಾರು ಕೇಳ್ತಾರೆ?'

ಕೇಳಲೇಬೇಕು. ಯುಗಾದಿಗೆಂದು ಸಾವಿರಾರು ರೂಪಾಯಿ ಖರ್ಚು ಮಾಡಿ ಬಣ್ಣ ಹೊಡೆಸಿದ ಗೋಡೆ ಮರುವಾರವೇ ಹಾಳಾದರೆ ಹೊಟ್ಟೆ ಉರಿಯುತ್ತದೆ. ಸ್ಪ್ರೇ ಬಣ್ಣದ ಮೇಲೆ ಬರೀ ಸುಣ್ಣ ಬಳಿದರೆ ಸಾಲದು, ಒಣಗಿದ ಮೇಲೆ ಕಪ್ಪು ಮತ್ತೆ ಇಣುಕುತ್ತದೆ. ಮೊದಲು ಉಜ್ಜುಕಾಗದದಲ್ಲಿ ತಿಕ್ಕಬೇಕು, ಪ್ರೈಮರ್ ಹೊಡೆಯಬೇಕು, ಆಮೇಲೆ ಎರಡು ಕೈ ಬಣ್ಣ. ಈ ಖರ್ಚು, ಈ ಕೂಲಿ ಕೆಡಿಸಿದವನ ಮನೆಯದೇ ಆಗಬೇಕು. ಅದಕ್ಕೆ ಕಾಸಿಲ್ಲದಿದ್ದರೆ ಅವನ ರಟ್ಟೆಯ ಕೆಲಸ ಆಗಬೇಕು. ಭಾನುವಾರ ಬೆಳಿಗ್ಗೆ ಹುಡುಗ ಬಕೆಟ್ ಹಿಡಿದು ಬರಲಿ, ಮನೆಯ ಯಜಮಾನರು 'ಯಾರ ಮಗನಪ್ಪಾ ನೀನು, ಎಷ್ಟನೇ ಕ್ಲಾಸು?' ಎಂದು ಕೇಳಲಿ. ಠಾಣೆಯಲ್ಲಿ ಆಗದ ಮಾತುಕತೆ ಅಲ್ಲಿ ಆಗುತ್ತದೆ. ಮುಂದಿನ ಸಲ ಆ ಗೋಡೆಯ ಹತ್ತಿರ ಬೇರೆ ಹುಡುಗ ಡಬ್ಬಿ ಎತ್ತಿದರೆ ತಡೆಯುವವನು ಇವನೇ.

ಒಂದು ವಿಷಯದಲ್ಲಿ ಮಾತ್ರ ನಾನು ಎದುರಾಳಿಗಳಿಗಿಂತಲೂ ಬಿಗಿ. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಅಂಥ ಕಲ್ಲಿನ ಮೇಲೆ, ಶಾಸನದ ಮೇಲೆ ಮೊಳೆಯಿಂದ ಕೆತ್ತಿದ ಹೆಸರು ಯಾವ ಪ್ರೈಮರಿಗೂ ಹೋಗುವುದಿಲ್ಲ. ಎಂಟು ನೂರು ವರ್ಷದ ಕೆಲಸ ಒಂದು ನಿಮಿಷದಲ್ಲಿ ಗಾಯಗೊಳ್ಳುತ್ತದೆ. ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯ್ದೆ ಇದೆ, ಅದನ್ನು ಕಟ್ಟುನಿಟ್ಟಾಗಿ ಬಳಸಲಿ. ಸಿಮೆಂಟ್ ಕಾಂಪೌಂಡನ್ನೂ ಹೊಯ್ಸಳರ ಕಂಬವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇಷ್ಟು ಹೇಳಿದ ಮೇಲೆ, ಮಾಡಬೇಕಾದ್ದನ್ನೂ ಹೇಳಬೇಕು. ದಾವಣಗೆರೆ ಮಹಾನಗರ ಪಾಲಿಕೆ ಮತ್ತು ಹರಿಹರ ನಗರಸಭೆ ಗೋಡೆ ಬರಹದ ದೂರಿಗೆ ಒಂದು ಫೋನ್ ನಂಬರು ಇಟ್ಟು, ಎರಡು ದಿನದೊಳಗೆ ಅಳಿಸುವ ತಂಡ ಮಾಡಲಿ. ಎರಡೇ ದಿನದಲ್ಲಿ ಅಳಿದುಹೋಗುವ ಹೆಸರನ್ನು ಬರೆಯಲು ಯಾರಿಗೂ ಹುಮ್ಮಸ್ಸಿರುವುದಿಲ್ಲ. ಅದೇ ತಂಡ ಅನುಮತಿಯಿಲ್ಲದ ಫ್ಲೆಕ್ಸು, ಜಾಹೀರಾತುಗಳನ್ನೂ ಯಾರ ಮುಖವಿದ್ದರೂ ಇಳಿಸಲಿ. ಪೊಲೀಸರು ಬರಹವನ್ನು ಓದಿ, ಬೆದರಿಕೆ ಮತ್ತು ದ್ವೇಷದ ಬರಹದ ಮೇಲೆ ಕೇಸು ಮಾಡಲಿ, ಉಳಿದದ್ದನ್ನು ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ಬಿಡಲಿ. ಗಾಂಜಾ ಮಾರುವವರನ್ನು, ಹುಡುಗರ ಕೈಗೆ ಮಚ್ಚು ಕೊಡುವವರನ್ನು ಹಿಡಿಯಲು ಅವರ ಹೊತ್ತು ಉಳಿಯಲಿ. ಮೈದಾನ ಮೈದಾನವಾಗಿ ಉಳಿಯಲಿ, ಗರಡಿಮನೆಗಳಿಗೆ ದೀಪ, ನೀರು, ಉಸ್ತಾದರಿಗೆ ಗೌರವಧನ ಸಿಗಲಿ. ದೃಶ್ಯಕಲಾ ಮಹಾವಿದ್ಯಾಲಯಕ್ಕೂ ಬೋರ್ಡ್ ಪೇಂಟರುಗಳಿಗೂ ಕೆಲವು ಗೋಡೆಗಳನ್ನು ಒಪ್ಪಿಸಲಿ.

ಭಯಪಡುತ್ತಿರುವ ನನ್ನ ನೆರೆಯವರಿಗೆ ಕೊನೆಯದಾಗಿ ಒಂದು ಮಾತು. ನೀವು ಬಯಸುವುದು ನೆಮ್ಮದಿಯ ಓಣಿ, ನಾನೂ ಅದನ್ನೇ ಬಯಸುತ್ತೇನೆ. ಓಣಿಯ ಹುಡುಗರ ಹೆಸರು ಹಿರಿಯರಿಗೆ ಗೊತ್ತಿದ್ದು, ದಾರಿಯಲ್ಲಿ ಕಂಡಾಗ ಆ ಹೆಸರು ಹಿಡಿದು ಮಾತಾಡಿಸುವ ಓಣಿಯಲ್ಲಿ ಗ್ಯಾಂಗಿಗೆ ಆಳು ಸಿಗುವುದು ಕಷ್ಟ. ಠಾಣೆಯ ಕಡತದಲ್ಲಿ ಅವರ ಹೆಸರು ಸೇರುವ ಮೊದಲು ನಮ್ಮ ಬಾಯಲ್ಲಿ ಆ ಹೆಸರು ಬರಲಿ. ಈ ಕೆಲಸಕ್ಕೆ ಹೊಸ ಕಾನೂನು ಬೇಡ, ಸರ್ಕಾರದ ಹಣವೂ ಬೇಡ. ನಾವು ಹೊರಗೆ ಬಂದು ಮಾತಾಡಿಸಬೇಕು, ಅಷ್ಟೇ.